ಕಡ್ಡಿಯ ತುದಿ ಎಲ್ಲಿ ನಿಲ್ಲಬೇಕು?

ನಮಸ್ಕಾರ.

ನಿಮ್ಮ ‘ಹನ್ನೊಂದನೇ ಬೆರಳು’ ಲೇಖನ ಓದಿದೆ. ಮಷೀನಿನಲ್ಲಿ ಹೊಲಿಯುವಾಗ ಸೂಜಿಯ ಹತ್ತಿರ ಬೆರಳು ಒಯ್ಯದೆ, ಮನೆಯಲ್ಲೇ ಸಿಗುವ ಕಡ್ಡಿ, ದಬ್ಬಣ, ಚಿಮ್ಮಟಗಳಿಂದ ಬಟ್ಟೆಗೆ ದಾರಿ ತೋರಿಸುವುದು ಒಳ್ಳೆಯ ವಿಷಯ. ತಲೆಬರಹ ಇನ್ನೂ ಚೆನ್ನಾಗಿದೆ, ಭಾಷೆಯೂ ಸರಾಗವಾಗಿದೆ. ಆದರೂ ಇದನ್ನು ಹೀಗೇ ಅಚ್ಚಿಗೆ ಕಳಿಸಲಾರೆ. ಎರಡನೇ ಪುಟದ ಮೂರು ವಾಕ್ಯಗಳು ನನ್ನನ್ನು ಅಲ್ಲೇ ತಡೆದವು.

ಮೊದಲನೆಯದು: ‘ಯಾವುದಾದರೂ ಚೂಪಾದ ವಸ್ತುವಿನಿಂದ ಬಟ್ಟೆಯನ್ನು ಒತ್ತಿ, ಸೂಜಿಯ ಕಡೆಗೆ ತಳ್ಳಿ.’

‘ಯಾವುದಾದರೂ’ ಎಂದರೆ ಓದುವವರ ಕೈಗೆ ಮೊದಲು ಬರುವುದು ಹೊಲಿಗೆ ಬಿಚ್ಚುವ ರಿಪ್ಪರ್, ಏಕೆಂದರೆ ಅದು ಮಷೀನಿನ ಪಕ್ಕದಲ್ಲೇ ಇರುತ್ತದೆ. ಅದರ ಕವಲಿನಲ್ಲಿ ಅಲಗಿದೆ. ಬಟ್ಟೆ ಒಂದಿಷ್ಟು ಜಾರಿದರೂ ಕೊಯ್ದುಹೋಗುತ್ತದೆ. ‘ಚೂಪಾದ’ ಎಂಬುದೂ ತಪ್ಪು. ಚೂಪು ತುದಿ ಸ್ಯಾಟಿನ್, ಶಿಫಾನಿನ ಎಳೆ ಕೀಳುತ್ತದೆ. ಬೇಕಾದದ್ದು ಸಣ್ಣದಾದರೂ ಮೊಂಡಾದ ತುದಿ.

ಇನ್ನು ‘ತಳ್ಳಿ’. ನನಗೆ ನಿಜಕ್ಕೂ ಸಿಟ್ಟು ತರಿಸಿದ್ದು ಈ ಪದ. ಬಟ್ಟೆಯನ್ನು ಮುಂದಕ್ಕೆ ಒಯ್ಯುವುದು, ಅದನ್ನು ಮೇಲಿನಿಂದ ಒತ್ತಿ ಹಿಡಿಯುವ ಫುಟ್‌ನ ಕೆಳಗಿರುವ ಹಲ್ಲುಗಳು, ಅದು ಕೈಯ ಕೆಲಸವೇ ಅಲ್ಲ. ಸೂಜಿ ಬಟ್ಟೆಯೊಳಗೆ ಇಳಿದಿರುವಾಗ ಬಟ್ಟೆಯನ್ನು ತಳ್ಳಿದರೆ ಅಥವಾ ಎಳೆದರೆ ಸೂಜಿ ಬಾಗುತ್ತದೆ, ಬಾಗಿದ ಸೂಜಿ ತಾನು ಇಳಿಯಬೇಕಾದ ರಂಧ್ರದ ಬದಲು ಅದರ ಸುತ್ತಲಿನ ಲೋಹದ ಪ್ಲೇಟಿಗೆ ಬಡಿಯುತ್ತದೆ. ಮುರಿದರೆ ಕೂಡಲೇ ಗೊತ್ತಾಗುತ್ತದೆ. ಮುರಿಯದಿದ್ದರೆ ರಂಧ್ರದ ಅಂಚಿನಲ್ಲಿ ಗೀರು ಬಿದ್ದು, ಆಮೇಲೆ ದಾರ ಪದೇ ಪದೇ ತುಂಡಾಗುತ್ತದೆ; ಹೊಲಿಯುವವರು ದಾರವೇ ಕಳಪೆ ಎಂದುಕೊಳ್ಳುತ್ತಾರೆ.

ಹಾಗಾದರೆ ಕಡ್ಡಿ ಮಾಡುವ ಕೆಲಸವೇನು? ಕೆಳಗಿನ ಪದರವನ್ನು ಹಲ್ಲುಗಳು ಎಳೆದುಕೊಳ್ಳುತ್ತವೆ, ಮೇಲಿನ ಪದರವನ್ನು ಫುಟ್ ಉಜ್ಜಿ ತಡೆಯುತ್ತದೆ. ಉದ್ದ ಹೊಲಿಗೆಯ ಕೊನೆಯಲ್ಲಿ ಮೇಲಿನ ಬಟ್ಟೆ ಅರ್ಧ ಸೆಂಟಿಮೀಟರ್ ಹೆಚ್ಚಿಗೆ ಉಳಿಯುವುದು ಇದರಿಂದಲೇ. ಫುಟ್‌ನ ಮುಂದೆ ಏಳುವ ಆ ಪುಟ್ಟ ಅಲೆಯನ್ನು ತುದಿಯಿಂದ ಹಗುರವಾಗಿ ಅದುಮಿ, ಕೆಳಗಿನ ಪದರದ ಜೊತೆಗೇ ಒಳಗೆ ಹೋಗುವಂತೆ ನೋಡಿಕೊಳ್ಳುವುದಷ್ಟೇ ಕಡ್ಡಿಯ ಕೆಲಸ. ತೋಳು ಕೂರಿಸುವಾಗ, ನೆರಿಗೆ ಹೊಲಿಯುವಾಗ ಇದರ ಬೆಲೆ ತಿಳಿಯುತ್ತದೆ. ನಿಮ್ಮ ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಎರಡನೆಯದು: ‘ದಬ್ಬಣ ಅಥವಾ ಸ್ಟೀಲ್ ಚಿಮ್ಮಟ ಎಲ್ಲಕ್ಕಿಂತ ಉತ್ತಮ.’

ಓಡುತ್ತಿರುವ ಸೂಜಿ ಉಕ್ಕಿಗೆ ತಾಗಿದರೆ ಮುರಿದು, ಚೂರು ಕಣ್ಣಿನತ್ತಲೂ ಸಿಡಿಯಬಹುದು. ಬಿದಿರಿಗೆ ತಾಗಿದರೆ ಹೆಚ್ಚಾಗಿ ಕಡ್ಡಿಗೇ ಗಾಯ, ಸೂಜಿ ಉಳಿದರೂ ಉಳಿದೀತು. ಆಮೇಲೂ ಆ ಸೂಜಿಯನ್ನು ಬದಲಿಸುವುದೇ ಸರಿ. ಚಿಮ್ಮಟ ಬೇಡವೆಂದಲ್ಲ, ಮಷೀನು ನಿಲ್ಲಿಸಿ, ಕಾಲನ್ನು ಪೆಡಲ್‌ನಿಂದ ತೆಗೆದ ಮೇಲೆ ದಾರದ ತುದಿ ಹಿಡಿಯಲು, ಮೂಲೆಯ ಮಡಿಕೆ ಸರಿಪಡಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಈ ವ್ಯತ್ಯಾಸವನ್ನು ಬರೆಯಿರಿ. ಕಡ್ಡಿ ಮಾಡಿಕೊಳ್ಳುವುದನ್ನೂ ಬರೆಯಿರಿ: ಸುಮಾರು 15 ಸೆಂಟಿಮೀಟರ್ ಉದ್ದ, 4 ಮಿಲಿಮೀಟರ್ ದಪ್ಪದ ಬಿದಿರು ಕಡ್ಡಿ, ತುದಿಯನ್ನು ನಯವಾದ ಉಪ್ಪುಕಾಗದದಲ್ಲಿ ತಿರುಗಿಸುತ್ತ ತಿಕ್ಕಿ 2 ಮಿಲಿಮೀಟರಿಗೆ ಇಳಿಸಿ, ಮೊನೆ ಮುರಿದು ಗುಂಡಗೆ ಮಾಡಬೇಕು. ಹಳೆಯ ನೈಲಾನ್ ಬಟ್ಟೆಯ ಮೇಲೆ ಎಳೆದು ನೋಡಿದರೆ ಉಳಿದ ಸಿಬಿರು ಎಲ್ಲಿದೆ ಎಂದು ಗೊತ್ತಾಗುತ್ತದೆ. ಎಣ್ಣೆ ಹಚ್ಚಬಾರದು, ಬಟ್ಟೆಗೆ ಕಲೆಯಾಗುತ್ತದೆ.

ಮೂರನೆಯದು: ‘ನಿಧಾನವಾಗಿ ಹೊಲಿದರೆ ಭಯವಿಲ್ಲ.’

ಎಷ್ಟು ನಿಧಾನ? ಲೆಕ್ಕ ಹಾಕಿ ನೋಡಿ. ಮಷೀನು ನಿಮಿಷಕ್ಕೆ 600 ಹೊಲಿಗೆ ಹಾಕುತ್ತಿದೆ ಎಂದಿಟ್ಟುಕೊಳ್ಳಿ, ಅಂದರೆ ಸೆಕೆಂಡಿಗೆ 10. ಹೊಲಿಗೆಯ ಉದ್ದ 2.5 ಮಿಲಿಮೀಟರ್ ಇದ್ದರೆ ಬಟ್ಟೆ ಸೆಕೆಂಡಿಗೆ 25 ಮಿಲಿಮೀಟರ್ ಸರಿಯುತ್ತದೆ. ಸೂಜಿಯಿಂದ 2 ಸೆಂಟಿಮೀಟರ್ ದೂರದಲ್ಲಿ ಬಟ್ಟೆಗೆ ಅಂಟಿಕೊಂಡ ಬೆರಳು ಒಂದು ಸೆಕೆಂಡಿನೊಳಗೆ ಸೂಜಿಯ ಕೆಳಗಿರುತ್ತದೆ. ಓದುಗರಿಗೆ ಧೈರ್ಯ ಹೇಳಿದರೆ ಸಾಲದು, ಜಾಗ ತೋರಿಸಬೇಕು: ತುದಿ ಫುಟ್‌ನ ಮುಂಭಾಗದ ಅಂಚಿನವರೆಗೆ ಬಂದು ನಿಲ್ಲಬೇಕು, ಅದರ ಎರಡು ಕಾಲುಗಳ ನಡುವೆ ನುಗ್ಗಬಾರದು. ಕಡ್ಡಿ ಓರೆಯಾಗಿರಲಿ, ಹಿಡಿದ ಬೆರಳುಗಳು ಸೂಜಿಯಿಂದ 7–8 ಸೆಂಟಿಮೀಟರ್ ಹಿಂದಿರಲಿ. ಅದುಮಿದ ಕಡ್ಡಿ ಬಟ್ಟೆಯ ಜೊತೆ ತಾನೂ ಒಳಗೆ ಸಾಗುತ್ತದೆ. ಆದ್ದರಿಂದ ಅದುಮು, ಎತ್ತು, ಹಿಂದಕ್ಕೆ ತಾ, ಮತ್ತೆ ಅದುಮು ಎಂಬ ಲಯ ಬೇಕು. ನಾವು ಕಲಿಯುವಾಗ ದಾರ ಪೋಣಿಸದ ಸೂಜಿಯಲ್ಲಿ ಗೆರೆ ಎಳೆದ ಕಾಗದ ಹೊಲಿಸುತ್ತಿದ್ದರು, ಗೆರೆ ತಪ್ಪಿದ ತೂತು ಅಳಿಸಲಾಗದಂತೆ ಉಳಿಯುತ್ತಿತ್ತು. ಕಡ್ಡಿಯ ಲಯಕ್ಕೂ ಅದೇ ಅಭ್ಯಾಸ ಸೂಚಿಸಿ. ಕಾಗದ ಸೂಜಿಯನ್ನು ಮೊಂಡು ಮಾಡುತ್ತದೆ, ಹಳೆಯ ಸೂಜಿ ಹಾಕಿಕೊಳ್ಳಲು ಹೇಳಿ.

ಸೂಜಿ ಮುರಿದ ಮೇಲಿನ ಮಾತು ಲೇಖನದಲ್ಲೇ ಇಲ್ಲ. ಸ್ವಿಚ್ ಆರಿಸಿ, ಚೂರುಗಳನ್ನು ಜೋಡಿಸಿ, ಹೊಸ ಸೂಜಿಯ ಪಕ್ಕ ಇಟ್ಟು ಉದ್ದ ಹೋಲಿಸಬೇಕು. ಮೊನೆ ಸಿಗದಿದ್ದರೆ ಕೆಳಗಿನ ದಾರದ ಉರುಳೆ ಕೂರುವ ಬಾಬಿನ್ ಕೇಸ್ ತೆಗೆದು ಒಳಗೆ ಹುಡುಕಬೇಕು. ಹೊಸ ಸೂಜಿ ಹಾಕಿದ ಮೇಲೆ ಚಕ್ರವನ್ನು ಕೈಯಿಂದಲೇ ನಾಲ್ಕೈದು ಸುತ್ತು ತಿರುಗಿಸಿ, ಎಲ್ಲೂ ತಡೆಯುತ್ತಿಲ್ಲ ಎಂದಾದರೆ ಮಾತ್ರ ಪೆಡಲ್ ತುಳಿಯಬೇಕು.

ಪ್ಲೇಟಿನ ಮೇಲೆ ಟೇಪ್ ಅಂಟಿಸಿ, ಬಟ್ಟೆಯ ಅಂಚನ್ನು ಅದರ ಗುಂಟ ಸಾಗಿಸುವ ಭಾಗ ಸರಿಯಿದೆ. ಹೊಲಿಗೆಯಿಂದ ಅಂಚಿನವರೆಗೆ ಬಿಡುವ 1.5 ಸೆಂಟಿಮೀಟರನ್ನು ಇಳಿಸಿದ ಸೂಜಿಯಿಂದ ಅಳೆಯಬೇಕು, ಫುಟ್‌ನ ಅಂಚಿನಿಂದಲ್ಲ ಎಂದು ಸೇರಿಸಿ.

ತಿದ್ದಿ ಕಳಿಸುವ ಮೊದಲು ಕಡ್ಡಿಯನ್ನು ನೀವೇ ಮಾಡಿ, ಒಂದು ತೋಳು ಕೂರಿಸಿ ನೋಡಿ. ಜೊತೆಗೆ ಒಂದು ಫೋಟೋ ಬೇಕು: ಮಷೀನು ನಿಂತಿರಲಿ, ಕಡ್ಡಿಯ ತುದಿಯೂ ಫುಟ್‌ನ ಮುಂಭಾಗದ ಅಂಚೂ ಎಡಗಡೆಯಿಂದ ಒಟ್ಟಿಗೆ ಕಾಣಲಿ.