ಅಮೆರಿಕದ ಶಾರ್ಟ್ ಟ್ರ್ಯಾಕ್‌ಗಳಲ್ಲಿ ಸ್ಟಾಕ್ ಕಾರ್ (ಮಾಮೂಲಿ ಕಾರಿನ ಆಕಾರದ ರೇಸ್ ಕಾರು) ಓಡಿಸೋರ ವೃತ್ತಿ ಹೇಗಿರುತ್ತೆ? ಅದರಿಂದ ಸಂಸಾರ ನಡೆಯುತ್ತಾ?

ರೇಸಿಂಗೊಂದರಿಂದಲೇ ಸಂಸಾರ ನಡೆಸೋರು ಬೆರಳೆಣಿಕೆ. ಉಳಿದವರು ವಾರವಿಡೀ ಗ್ಯಾರೇಜು, ಅಂಗಡಿ, ಕಂಟ್ರಾಕ್ಟು ಅಂತ ದುಡಿದು ಶನಿವಾರ ಸಂಜೆ ಟ್ರ್ಯಾಕಿಗೆ ಹೋಗುತ್ತಾರೆ. ದುಡಿದದ್ದರಲ್ಲಿ ಒಂದು ಪಾಲು ಕಾರಿಗೇ ಹೋಗುತ್ತೆ. ಹಾಗಂತ ಇದನ್ನು ಹವ್ಯಾಸ ಅಂತ ತಳ್ಳಿಹಾಕೋದನ್ನು ನಾನು ಒಪ್ಪಲ್ಲ.

ಶಾರ್ಟ್ ಟ್ರ್ಯಾಕ್ ಅಂದರೆ ಒಂದು ಮೈಲಿಗಿಂತ ಚಿಕ್ಕ ಓವಲ್, ಅಂದರೆ ಅಂಡಾಕಾರದ ಟ್ರ್ಯಾಕು. ನಾರ್ತ್ ಕ್ಯಾರೊಲಿನಾದ ಬೋಮನ್ ಗ್ರೇ ಸ್ಟೇಡಿಯಂನದು ಫುಟ್‌ಬಾಲ್ ಮೈದಾನದ ಸುತ್ತ ಹಾಕಿದ ಕಾಲು ಮೈಲಿ ಟ್ರ್ಯಾಕು. ಅಲ್ಲಿ 1949ರಿಂದ ನ್ಯಾಸ್ಕಾರ್ (ಅಮೆರಿಕದ ಸ್ಟಾಕ್ ಕಾರ್ ರೇಸಿಂಗ್ ಸಂಸ್ಥೆ) ರೇಸ್ ನಡೀತಿದೆ. ಅದೇ ರಾಜ್ಯದ ಹಿಕರಿ ಟ್ರ್ಯಾಕು 0.363 ಮೈಲಿ, ವರ್ಜೀನಿಯಾದ ಸೌತ್ ಬಾಸ್ಟನ್ 0.4 ಮೈಲಿ. ಮಕ್ಕಳು ಐದಾರು ವರ್ಷಕ್ಕೇ ಕಾರ್ಟ್ ಅಥವಾ ಕ್ವಾರ್ಟರ್ ಮಿಜೆಟ್ ಎಂಬ ಮಕ್ಕಳ ಪುಟ್ಟ ರೇಸ್ ಕಾರು ಹತ್ತುತ್ತಾರೆ, ಆಮೇಲೆ ಮೋಟರ್‌ಸೈಕಲ್ ಎಂಜಿನ್ ಇರೋ ಲೆಜೆಂಡ್ಸ್ ಕಾರು, ಅಲ್ಲಿಂದ ಲೇಟ್ ಮಾಡೆಲ್. ಹೆಚ್ಚಿನವರ ಪಯಣ ಲೇಟ್ ಮಾಡೆಲ್‌ಗೇ ನಿಲ್ಲುತ್ತೆ.

ಲೇಟ್ ಮಾಡೆಲ್ ಸುಮಾರು 3000 ಪೌಂಡ್ ತೂಕದ ಕಾರು. ಅನೇಕ ಟ್ರ್ಯಾಕ್‌ಗಳಲ್ಲಿ ಬಳಸೋದು ಜಿಎಂ 604 ತರದ ಕ್ರೇಟ್ ಎಂಜಿನ್: 400 ಅಶ್ವಶಕ್ತಿ, ಕಾರ್ಖಾನೆಯಿಂದಲೇ ಸೀಲ್ ಆಗಿ ಬರುತ್ತೆ. ಸೀಲ್ ಒಡೆದರೆ ತಪಾಸಣೆಯಲ್ಲಿ ಹೊರಗೆ. ಎಲ್ಲರ ಎಂಜಿನ್ನೂ ಹೆಚ್ಚುಕಮ್ಮಿ ಒಂದೇ ಆದಾಗ ಗೆಲುವು ಸೋಲು ತೀರ್ಮಾನ ಆಗೋದು ಚಾಸಿಯಲ್ಲಿ, ಟೈರಿನಲ್ಲಿ.

ಮೊದಲು ಸ್ಟ್ಯಾಗರ್ ನೋಡಿ, ಅಂದರೆ ಹಿಂದಿನ ಎರಡು ಟೈರುಗಳ ಸುತ್ತಳತೆಯ ವ್ಯತ್ಯಾಸ. ಕಾರು ತಿರುಗೋದು ಎಡಕ್ಕೆ ಮಾತ್ರ. ಹಿಂದಿನ ಆಕ್ಸಲ್‌ನಲ್ಲಿ ಸಾಮಾನ್ಯವಾಗಿ ಇರೋದು ಸ್ಪೂಲ್. ಅದರಿಂದ ಎರಡೂ ಚಕ್ರ ಒಂದೇ ವೇಗದಲ್ಲಿ ಸುತ್ತುತ್ತವೆ. ಆದರೆ ತಿರುವಿನಲ್ಲಿ ಬಲಗಡೆ ಚಕ್ರ ಹೆಚ್ಚು ದೂರ ಹೋಗಬೇಕು. ಅದಕ್ಕೇ ಬಲಗಡೆ ಹಿಂದಿನ ಟೈರಿನ ಸುತ್ತಳತೆ ದೊಡ್ಡದಿರುತ್ತೆ. ಲೆಕ್ಕ ಸುಲಭ: ಎರಡು ಹಿಂದಿನ ಚಕ್ರಗಳ ನಡುವಿನ ಅಂತರವನ್ನು ಟೈರಿನ ಸುತ್ತಳತೆಯಿಂದ ಗುಣಿಸಿ, ತಿರುವಿನ ತ್ರಿಜ್ಯದಿಂದ ಭಾಗಿಸಿ. ಅಂತರ 65 ಇಂಚು, ಸುತ್ತಳತೆ 86 ಇಂಚು, ತ್ರಿಜ್ಯ 200 ಅಡಿ, ಅಂದರೆ 2400 ಇಂಚು ಅಂದುಕೊಂಡರೆ ಉತ್ತರ ಸುಮಾರು 2.3 ಇಂಚು. ಇದು ಆರಂಭದ ಅಂಕಿ ಮಾತ್ರ, ಉಳಿದದ್ದು ಪ್ರಾಕ್ಟೀಸಿನಲ್ಲಿ. ಟೈರಿನ ಮೇಲೆ ಒಂದೇ ಸೈಜು ಅಚ್ಚಾಗಿದ್ದರೂ ಬಯಾಸ್ ಪ್ಲೈ (ಒಳಗಿನ ದಾರದ ಪದರಗಳು ಓರೆಯಾಗಿರೋ) ಟೈರುಗಳ ಸುತ್ತಳತೆಯಲ್ಲಿ ವ್ಯತ್ಯಾಸ ಇದ್ದೇ ಇರುತ್ತೆ. ಹಾಗಾಗಿ ಗಾಳಿ ತುಂಬಿ, ಒಂದೊಂದನ್ನೂ ಟೇಪಿನಿಂದ ಅಳೆದು, ಅಂಕಿಯನ್ನು ಟೈರಿನ ಮೇಲೇ ಬರೆದಿಡುತ್ತಾರೆ.

ತೊಂದರೆ ಬರೋದು ರೇಸ್ ಶುರುವಾದ ಮೇಲೆ. ತಿರುವಿನಲ್ಲಿ ಭಾರ ಬೀಳೋದು ಬಲಗಡೆ ಟೈರಿನ ಮೇಲೆ. ಅದು ಜಾಸ್ತಿ ಬಿಸಿಯಾಗಿ, ಒತ್ತಡ ಏರಿ, ಉಬ್ಬುತ್ತೆ. ಸ್ಟ್ಯಾಗರ್ ತಾನಾಗೇ ಬೆಳೆಯುತ್ತೆ, ಕಾರು ಲೂಸ್ ಆಗುತ್ತೆ, ಅಂದರೆ ಹಿಂಭಾಗ ಜಾರುತ್ತೆ. ಅದಕ್ಕೇ ಅನುಭವಸ್ಥರು ಮೊದಲ ಸುತ್ತುಗಳಲ್ಲಿ ಕಾರು ಕೊಂಚ ಟೈಟ್ ಇರೋ ಹಾಗೆ ಬಿಡುತ್ತಾರೆ. ಮೂತಿ ಸಲೀಸಾಗಿ ತಿರುಗದೆ ಇದ್ದರೆ ಅದು ಟೈಟ್. ಗಾಳಿಯ ಬದಲು ನೈಟ್ರೋಜನ್ ತುಂಬೋದೂ ಇದಕ್ಕೇ: ತೇವ ಇರಲ್ಲ, ಒತ್ತಡ ಎಷ್ಟು ಏರುತ್ತೆ ಅಂತ ಅಂದಾಜಿಗೆ ಸಿಗುತ್ತೆ.

ಇನ್ನು ಕ್ರಾಸ್‌ವೇಟ್, ಅಂದರೆ ಒಟ್ಟು ಭಾರದಲ್ಲಿ ಬಲ ಮುಂದಿನ, ಎಡ ಹಿಂದಿನ ಚಕ್ರಗಳ ಮೇಲೆ ಬೀಳೋ ಪಾಲು. ಸಮತಟ್ಟಾದ ನೆಲದಲ್ಲಿ ನಾಲ್ಕು ಚಕ್ರಕ್ಕೂ ಒಂದೊಂದು ತೂಕದ ಪ್ಯಾಡ್ ಇಡುತ್ತಾರೆ. ಮೊದಲು ಟೈರಿನ ಒತ್ತಡ ಸರಿಮಾಡಬೇಕು, ಇಂಧನ ತುಂಬಬೇಕು, ಸೀಟಿನಲ್ಲಿ ಡ್ರೈವರಿನಷ್ಟೇ ಭಾರ ಇರಬೇಕು, ಸ್ವೇ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯೋ ಸರಳು) ಕಳಚಿರಬೇಕು. ಇದರಲ್ಲಿ ಒಂದು ಬಿಟ್ಟರೂ ಅಂಕಿ ನಂಬೋ ಹಾಗಿಲ್ಲ. ಎಡ ಮುಂದೆ 845, ಬಲ ಮುಂದೆ 645, ಎಡ ಹಿಂದೆ 885, ಬಲ ಹಿಂದೆ 625 ಪೌಂಡ್ ಬಂತು ಅನ್ನಿ. ಬಲ ಮುಂದಿನದು, ಎಡ ಹಿಂದಿನದು ಕೂಡಿದರೆ 1530. ಒಟ್ಟು 3000ಕ್ಕೆ ಅದು ಶೇ. 51. ಎಡ ಹಿಂದಿನ ಸ್ಪ್ರಿಂಗ್ ಮೇಲಿನ ಬೋಲ್ಟ್ ಬಿಗಿ ಮಾಡಿದರೆ ಈ ಶೇಕಡಾ ಏರುತ್ತೆ, ಕಾರು ಟೈಟ್ ಆಗುತ್ತೆ. ಸಡಿಲ ಮಾಡಿದರೆ ಉಲ್ಟಾ.

ಹೊಸಬರು ಎಡವೋದು ಇಲ್ಲೇ. "ತಿರುವಿನಿಂದ ಹೊರಬರುವಾಗ ಹಿಂಭಾಗ ಜಾರುತ್ತೆ" ಅಂತ ಡ್ರೈವರು ರೇಡಿಯೋದಲ್ಲಿ ಹೇಳಿದ ಕೂಡಲೇ ಕ್ರಾಸ್‌ವೇಟ್ ಏರಿಸಿಬಿಡುತ್ತಾರೆ. ಎಷ್ಟೋ ಸಲ ಕಾರು ನಿಜಕ್ಕೂ ಟೈಟ್ ಇರುತ್ತೆ: ನಡುತಿರುವಿನಲ್ಲಿ ಮೂತಿ ತಿರುಗಲ್ಲ ಅಂತ ಡ್ರೈವರು ಸ್ಟೀರಿಂಗ್ ಇನ್ನಷ್ಟು ತಿರುಗಿಸಿರುತ್ತಾನೆ, ಮುಂದಿನ ಟೈರಿಗೆ ಹಿಡಿತ ಸಿಕ್ಕಿದ ತಕ್ಷಣ ಹಿಂಭಾಗ ಕಿತ್ತುಕೊಂಡು ಹೋಗುತ್ತೆ. ಆಗ ಕ್ರಾಸ್‌ವೇಟ್ ಏರಿಸಿದರೆ ರೋಗ ಹೆಚ್ಚಾಗುತ್ತೆ. ಒಳಹೋಗುವಾಗ, ನಡುವೆ, ಹೊರಬರುವಾಗ ಏನೇನಾಯ್ತು ಅಂತ ಬಿಡಿಸಿ ಹೇಳಬಲ್ಲ ಡ್ರೈವರಿಗೆ ತಂಡಗಳಲ್ಲಿ ಬೆಲೆ ಜಾಸ್ತಿ.

ಹಣದ ವಿಷಯ ಚುಟುಕಾಗಿ. ಒಂದು ಟೈರು 200 ಡಾಲರ್ ಆಸುಪಾಸು, ಒಂದು ರಾತ್ರಿಗೆ ನಾಲ್ಕಾದರೂ ಬೇಕು. ನಡುಸ್ಥಾನದಲ್ಲಿ ಮುಗಿಸಿದವರಿಗೆ ಬರೋ ಬಹುಮಾನ ಟೈರಿನ ಖರ್ಚಿಗೂ ಸಾಲದಿರಬಹುದು. ಸ್ಪಾನ್ಸರ್ ಅಂದರೆ ಊರಿನ ಹಾರ್ಡ್‌ವೇರ್ ಅಂಗಡಿ, ಟೋಯಿಂಗ್ ಕಂಪನಿ. ಮೇಲಿನ ಸರಣಿಗಳಲ್ಲಿ ಎಷ್ಟೋ ಸೀಟುಗಳು ಹಣ ತರೋರಿಗೇ ಸಿಗುತ್ತವೆ, ಇದು ಎಲ್ಲರಿಗೂ ಗೊತ್ತಿರೋ ಸಂಗತಿ.

ಜಾಶ್ ಬೆರ್ರಿ ಟೆನೆಸ್ಸಿಯಲ್ಲಿ ಬ್ಯಾಂಕ್ ಕ್ಯಾಶಿಯರ್ ಆಗಿದ್ದವರು. ಐರೇಸಿಂಗ್ ಎಂಬ ಆನ್‌ಲೈನ್ ಸಿಮ್ಯುಲೇಟರ್‌ನಲ್ಲಿ ಹೆಸರಾಂತ ನ್ಯಾಸ್ಕಾರ್ ಡ್ರೈವರ್ ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಪರಿಚಯವಾಗಿ, ಅವರ ತಂಡದ ಲೇಟ್ ಮಾಡೆಲ್ ಸಿಕ್ಕಿತು. ಅಲ್ಲೇ ಹತ್ತು ವರ್ಷ ಕಳೆದು 2020ರಲ್ಲಿ ನ್ಯಾಸ್ಕಾರ್ ವೀಕ್ಲಿ ಸೀರೀಸ್‌ನ ರಾಷ್ಟ್ರೀಯ ಚಾಂಪಿಯನ್ ಆದರು, 2025ರಲ್ಲಿ ಲಾಸ್ ವೇಗಸ್‌ನಲ್ಲಿ ನ್ಯಾಸ್ಕಾರ್‌ನ ಅತಿ ಮೇಲಿನ ಸರಣಿಯಾದ ಕಪ್‌ನಲ್ಲಿ ಮೊದಲ ರೇಸ್ ಗೆದ್ದರು. ವಿಸ್ಕಾನ್ಸಿನ್‌ನ ಶಾರ್ಟ್ ಟ್ರ್ಯಾಕ್‌ಗಳಲ್ಲಿ ದೊಡ್ಡ ಹೆಸರಾಗಿದ್ದ ಡಿಕ್ ಟ್ರಿಕಲ್ ಕಪ್‌ನಲ್ಲಿ 303 ರೇಸ್ ಓಡಿದರೂ ಅಂಕಗಳಿರುವ ಒಂದನ್ನೂ ಗೆಲ್ಲಲಿಲ್ಲ. ನ್ಯೂಯಾರ್ಕ್ ರಾಜ್ಯದ ರೋಮ್ ಊರಿನ ರಿಚಿ ಎವನ್ಸ್ ಕಪ್ ಗೋಜಿಗೆ ಹೋಗದೆ ಮಾಡಿಫೈಡ್ ಎಂಬ, ಚಕ್ರಗಳು ಹೊರಗೆ ಕಾಣೋ ಕಾರಿನಲ್ಲೇ ಒಂಬತ್ತು ಸಲ ಚಾಂಪಿಯನ್ ಆದರು. 1985ರಲ್ಲಿ ಮಾರ್ಟಿನ್ಸ್‌ವಿಲ್‌ನಲ್ಲಿ ಪ್ರಾಕ್ಟೀಸ್ ವೇಳೆ ತೀರಿಕೊಂಡರು. 2012ರಲ್ಲಿ ನ್ಯಾಸ್ಕಾರ್ ಹಾಲ್ ಆಫ್ ಫೇಮ್ ಸೇರಿದರು. ಮೇಲಕ್ಕೆ ಹೋದರಷ್ಟೇ ವೃತ್ತಿ ಅನ್ನೋರಿಗೆ ನಾನು ತೋರಿಸೋದು ಎವನ್ಸ್ ಅವರನ್ನೇ.

ನೀವು ಶಾರ್ಲೆಟ್ ಕಡೆ ಇದ್ದರೆ ಹಿಕರಿಗೆ ಗಂಟೆಯ ದಾರಿ, ಹೋಗಿ ನೋಡಿ. ಬೆಂಗಳೂರಿನಲ್ಲಿದ್ದರೆ ಐರೇಸಿಂಗ್‌ನಲ್ಲಿ ಲೇಟ್ ಮಾಡೆಲ್ ಸ್ಟಾಕ್ ತಗೊಂಡು, ಸೆಟಪ್‌ನಲ್ಲಿ ಕ್ರಾಸ್‌ವೇಟ್ ಮಾತ್ರ ಅರ್ಧರ್ಧ ಶೇಕಡಾ ಬದಲಿಸಿ, ಪ್ರತಿ ಸಲ 20 ಸುತ್ತು ಓಡಿಸಿ. ಎರಡು ಬದಲಾವಣೆ ಒಟ್ಟಿಗೆ ಮಾಡಬೇಡಿ, ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ.