‘ಕೆಲವು ವಿದ್ವಾಂಸರು’ ಅಂದರೆ ಯಾರ್ರೀ?

ನಮಸ್ಕಾರ,

ಆರಂಭದ ಸ್ಲಾವರ (ಇವತ್ತು ರಷ್ಯನ್, ಪೋಲಿಷ್‌ನಂಥ ಭಾಷೆ ಆಡುವವರ ಪೂರ್ವಿಕರು) ಮೂಲ ಯಾವುದು ಅನ್ನೋ ಚರ್ಚೆಯ ಮೇಲೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಶ್ರಮ ಪಟ್ಟಿದ್ದೀರಿ. ಸರಿ, ಈಗ ಜಗಳಕ್ಕೆ ಬರೋಣ.

ಮೂರನೇ ಪ್ಯಾರಾ. ‘ಕೆಲವು ವಿದ್ವಾಂಸರು ಮೂಲ ನೆಲೆ ಪೋಲೆಂಡ್ ಎನ್ನುತ್ತಾರೆ, ಇನ್ನು ಕೆಲವರು ಒಪ್ಪುವುದಿಲ್ಲ.’ ಯಾರು ಆ ಕೆಲವರು? ಹೆಸರಿಲ್ಲ, ಊರಿಲ್ಲ, ಕಾಲವಿಲ್ಲ. ಒಳ್ಳೇ ಕಥೆಯನ್ನೇ ನುಂಗಿಬಿಟ್ಟಿದ್ದೀರಿ! ಜರ್ಮನಿಯ ಪುರಾತತ್ವಜ್ಞ ಗುಸ್ತಾಫ್ ಕೊಸ್ಸಿನ್ನ ಮಡಕೆ ಚೂರು ನೋಡಿ ಜನಾಂಗ ಹೇಳುತ್ತಿದ್ದವನು. ಪೋಲೆಂಡಿನ ವಿಸ್ಟುಲಾ ನದಿಯ ಸೀಮೆ ಹಳೇ ಜರ್ಮನರದ್ದು ಅಂತ ವಾದಿಸಿದ. ಅವನ ಹತ್ತಿರವೇ ಕಲಿತ ಪೋಲೆಂಡಿನ ಯೂಜೆಫ್ ಕೊಸ್ಟ್‌ಶೆವ್‌ಸ್ಕಿ ಗುರುವಿನ ವಿಧಾನವನ್ನೇ ಹಿಡಿದು, ಇಲ್ಲ, ಇದು ಸ್ಲಾವರದ್ದು ಅಂದ. 1933ರಲ್ಲಿ ಪೋಲೆಂಡಿನ ಬಿಸ್ಕುಪಿನ್‌ನಲ್ಲಿ ಹಳೇ ಕಾಲದ ಮರದ ಕೋಟೆಯೂರು ಸಿಕ್ಕಿದ ಮೇಲಂತೂ ಕೇಳಬೇಡಿ, ಅದೂ ಸ್ಲಾವರದ್ದೇ ಅಂದ. ಗುರು ಶಿಷ್ಯರ ಈ ಜಗಳ ‘ಕೆಲವರು, ಇನ್ನು ಕೆಲವರು’ ಆಗಿಹೋಯಿತಲ್ಲ!

ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ‘ಎಂದು ಹೇಳಲಾಗುತ್ತದೆ’ ಅಂತ ಬರೆಯುವುದು ಭಾರಿ ಗಾಂಭೀರ್ಯ ಅಂದುಕೊಂಡಿದ್ದೆ. ನಮ್ಮ ಹಿರಿಯರೊಬ್ಬರು ಪ್ರತಿ ಸಲವೂ ಅದರ ಪಕ್ಕ ಕೆಂಪು ಪೆನ್ನಲ್ಲಿ ‘ಯಾರ ಬಾಯಲ್ಲಿ?’ ಅಂತ ಗೀಚಿ, ಒಂದು ಮಾತೂ ಆಡದೆ ಹಾಳೆ ವಾಪಸ್ ತಳ್ಳುತ್ತಿದ್ದರು. ಒಂದು ದಿನ ಸಿಟ್ಟಲ್ಲಿ ಊಟ ಬಿಟ್ಟು ಲೈಬ್ರರಿಗೆ ಹೋಗಿ ಹೆಸರು ಹುಡುಕಿದೆ. ನೋಡಿದರೆ ಆ ಮನುಷ್ಯ ನಾನು ಬರೆದದ್ದಕ್ಕೆ ಪೂರ್ತಿ ಉಲ್ಟಾ ಹೇಳಿದ್ದ.

ಐದನೇ ಪ್ಯಾರಾ: ‘ಮಡಕೆಗಳಿಂದ ಸ್ಲಾವರ ವಲಸೆ ಸಾಬೀತಾಗಿದೆ.’ ಮಡಕೆಗೆ ಕಾಲಿದೆಯಾ? ಸ್ಲಾವರ ಗುರುತು ಅಂತ ಹೇಳುವ ಆ ಪ್ರಾಗ್ ಮಾದರಿಯ ಮಡಕೆ ಚಿತ್ತಾರವಿಲ್ಲದೆ ಕೈಯಲ್ಲೇ ಮಾಡಿದ ಸಾದಾ ಮಡಕೆ. ಪಕ್ಕದವರನ್ನು ನೋಡಿ ಯಾರೂ ಮಾಡಬಹುದಲ್ವಾ? 2001ರಲ್ಲಿ ಇತಿಹಾಸಕಾರ ಫ್ಲೋರಿನ್ ಕುರ್ಟಾ ಇದನ್ನೇ ಹಿಡಿದು ಜಗ್ಗಿದರು. ಸ್ಲಾವರು ದೂರದಿಂದ ನಡೆದು ಬಂದವರಲ್ಲ, 6ನೇ ಶತಮಾನದಲ್ಲಿ ಬೈಜಾಂಟಿಯಂ (ಪೂರ್ವ ರೋಮನ್ ಸಾಮ್ರಾಜ್ಯ) ಚಕ್ರವರ್ತಿ ಜಸ್ಟಿನಿಯನ್ ಕೋಟೆ ಕಟ್ಟಿಸಿದ ಡ್ಯಾನ್ಯೂಬ್ ನದಿಯ ಗಡಿಯಲ್ಲೇ, ಅಲ್ಲಿನ ಬರಹಗಾರರು ಕೊಟ್ಟ ಹೆಸರಿನ ಕೆಳಗೆ ಒಂದು ಜನವಾದರು ಅಂದರು. 2025ರ ಡಿಎನ್‌ಎ ಅಧ್ಯಯನ ಮತ್ತೆ ವಲಸೆಯ ಕಡೆಗೇ ವಾಲಿತು. ಪೂರ್ವ ಜರ್ಮನಿ, ಪೋಲೆಂಡ್, ಕ್ರೊಯೇಶಿಯಾಗಳಲ್ಲಿ ಹಳೇ ವಂಶವಾಹಿಯ ಶೇ. 80ಕ್ಕೂ ಜಾಸ್ತಿ ಬದಲಾಗಿದೆಯಂತೆ. ಅಂದರೆ ನಿಮ್ಮ ತೀರ್ಮಾನ ಸರಿಯೇ ಇರಬಹುದು, ಕಾರಣ ಮಾತ್ರ ತಪ್ಪು. ನನಗೆ ಅದೇ ಜಾಸ್ತಿ ಕಿರಿಕಿರಿ. ಇನ್ನೊಂದು ತೊಡಕೂ ಇದೆ. ಆ ಜನ ಸತ್ತವರನ್ನು ಸುಡುತ್ತಿದ್ದರು, ಹಾಗಾಗಿ ಮೊದಲ ತಲೆಮಾರುಗಳ ಮೂಳೆ ಸಿಗುವುದೇ ಕಷ್ಟ. ಈ ಮಾತು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಈ ಎರಡು ಪ್ಯಾರಾ ಮತ್ತೆ ಬರೆದು ಕಳಿಸಿ. ಕೊಸ್ಸಿನ್ನನಿಂದಲೇ ಶುರು ಮಾಡಿ. ಫೋಟೊ ಈಗಲೇ ಬೇಡ.