ಕುಡಿತ ಬಿಡಲು ಎಎ ಸಭೆಗೆ ಹೋಗಬೇಕು ಅಂದುಕೊಂಡಿದ್ದೇನೆ. ಹುಡುಕುವುದು ಹೇಗೆ, ಅಲ್ಲಿ ಏನಾಗುತ್ತೆ?

ಎಎ, ಅಂದರೆ ಕುಡಿತ ಬಿಡಬೇಕು ಅನ್ನುವವರು ಅನುಭವ ಹಂಚಿಕೊಂಡು ಒಬ್ಬರಿಗೊಬ್ಬರು ನೆರವಾಗುವ ಸಂಘವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ವೆಬ್‌ಸೈಟಿನಲ್ಲಿ ನಿಮ್ಮ ಪ್ರದೇಶದ ಸಭೆಗಳನ್ನು ಹುಡುಕಬಹುದು. ಹತ್ತಿರದಲ್ಲಿ ಇಲ್ಲದಿದ್ದರೆ ಆನ್‌ಲೈನ್ ಸಭೆಗಳೂ ಇವೆ. ಶುಲ್ಕ ಇಲ್ಲ. ಕುಡಿತ ಬಿಡಬೇಕು ಅನ್ನೋ ಆಸೆ ಇದ್ದರೆ ಸಾಕು. ಒಬ್ಬರೇ ಹೋಗಲು ಅಳುಕಾದರೆ 'ಓಪನ್' ಸಭೆ ಆರಿಸಿಕೊಳ್ಳಿ, ಅಲ್ಲಿಗೆ ಮನೆಯವರೂ ಬರಬಹುದು. 'ಕ್ಲೋಸ್ಡ್' ಸಭೆ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ.

ಮಾತಾಡಲೇಬೇಕಾ ಅನ್ನೋದೇ ಜಾಸ್ತಿ ಜನರ ಭಯ, ಅಲ್ವಾ? ಬೇಕಿಲ್ಲ. ಸರದಿ ಬಂದಾಗ 'ಇವತ್ತು ಸುಮ್ನೆ ಕೇಳ್ತೀನಿ' ಅಂದರೆ ಆಯಿತು.

ಎಎಯ ಗುಟ್ಟು ಇರುವುದು ಅದು ಹುಟ್ಟಿದ ಕಥೆಯಲ್ಲೇ. 1935ರಲ್ಲಿ ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್‌ಗೆ ಅಮೆರಿಕದ ಆಕ್ರನ್‌ನಲ್ಲಿ ಮತ್ತೆ ಕುಡಿಯುವ ಆಸೆ ಕಾಡಿತು. ಅವರು ಬಾರಿಗೆ ಹೋಗಲಿಲ್ಲ. ಕುಡಿತದಿಂದ ನರಳುತ್ತಿದ್ದ ಇನ್ನೊಬ್ಬರನ್ನು, ಡಾಕ್ಟರ್ ಬಾಬ್ ಸ್ಮಿತ್ ಅವರನ್ನು, ಹುಡುಕಿಕೊಂಡು ಹೋಗಿ ಮನಸ್ಸು ಬಿಚ್ಚಿ ಮಾತಾಡಿದರು. ಇಬ್ಬರಿಗೂ ಅದು ಆಸರೆಯಾಯಿತು, ಎಎ ಹುಟ್ಟಿದ್ದೂ ಅಲ್ಲಿಂದಲೇ. ಅದೇ ಪಾಡು ಪಟ್ಟವರ ಮುಂದೆ ಮುಚ್ಚಿಡುವುದಕ್ಕೆ ಏನೂ ಇರುವುದಿಲ್ಲ ನೋಡಿ.

ಮೊದಲ ಸಭೆ ಹಿಡಿಸದಿದ್ದರೆ ಬೇರೆ ಗುಂಪು ನೋಡಿ, ಪ್ರತಿ ಗುಂಪಿನ ರೀತಿ ಬೇರೆ. ಒಂದು ಮಾತು ಮಾತ್ರ ಮರೆಯಬೇಡಿ: ದಿನವೂ ವಿಪರೀತ ಕುಡಿಯುವವರು ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು. ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು.